ಐಕಿಡೊ ಕಲಿಯುವವರಿಗೆ: ಮೊದಲು ಬೀಳಲು ಕಲಿಯಿರಿ

ಐಕಿಡೊ ಎಂಬ ಜಪಾನಿನ ಸಮರಕಲೆ ಕಲಿಯಬೇಕು ಅಂತ ಬರುವವರಲ್ಲಿ ಎರಡು ಬಗೆ. ಕೆಲವರು ಯಾವುದೋ ವಿಡಿಯೊದಲ್ಲಿ ಬಿಳಿ ಗಡ್ಡದ ಮುದುಕರೊಬ್ಬರು ಗಟ್ಟಿಮುಟ್ಟಾದ ಹುಡುಗರನ್ನು ಆಚೀಚೆ ಉರುಳಿಸುವುದನ್ನು ನೋಡಿ ಬರುತ್ತಾರೆ. ಇನ್ನು ಕೆಲವರು ‘ಎದುರಾಳಿಗೂ ಪೆಟ್ಟಾಗದ ಹಾಗೆ ಕಾಪಾಡಿಕೊಳ್ಳುವ ವಿದ್ಯೆ’ ಎಂದು ಎಲ್ಲೋ ಓದಿ ಬರುತ್ತಾರೆ. ಮೊದಲನೆಯವರಿಗೆ ಎಸೆಯುವುದು ಬೇಕು, ಎರಡನೆಯವರಿಗೆ ತತ್ತ್ವ ಬೇಕು. ಮೊದಲ ದಿನ ಇಬ್ಬರಿಗೂ ಸಿಗುವುದು ಒಂದೇ ಪಾಠ: ಚಾಪೆಯ ಮೇಲೆ ಕೂತು, ಗಲ್ಲ ಎದೆಗೆ ಒತ್ತಿಕೊಂಡು, ಹಿಂದಕ್ಕೆ ಉರುಳುವುದು.

ಬೇಜಾರಾಗಬೇಡಿ. ಐಕಿಡೊದ ತತ್ತ್ವ ಅಂತ ಏನಿದೆಯೋ ಅದೆಲ್ಲ ಕಾಲು ಎಲ್ಲಿಡಬೇಕು, ಕೈ ಎಲ್ಲಿರಬೇಕು, ಹೇಗೆ ಬೀಳಬೇಕು ಅನ್ನುವುದರಲ್ಲೇ ಇದೆ. ಅದನ್ನು ಬಿಟ್ಟು ಬೇರೆ ಕಡೆ ಹುಡುಕಿದರೆ ಸಿಗುವುದು ಚೆಂದದ ಮಾತು ಮಾತ್ರ. ಹೊಸದಾಗಿ ಶುರುಮಾಡುವವರು ಯಾವ ಕ್ರಮದಲ್ಲಿ ಹೋದರೆ ಒಳ್ಳೆಯದು, ಪ್ರತಿ ಹಂತದಲ್ಲಿ ಏನನ್ನು ಗಮನಿಸಬೇಕು ಎಂದು ಇಲ್ಲಿ ಬರೆದಿದ್ದೇನೆ.

ಮೊದಲು ಸ್ವಲ್ಪ ಹಿನ್ನೆಲೆ

ಐಕಿಡೊ ಹಳೆಯ ಕಾಲದ ವಿದ್ಯೆ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಇದು 20ನೇ ಶತಮಾನದ್ದು. ಕಟ್ಟಿದವರು ಉಯೆಶಿಬಾ ಮೊರಿಹೆಯ್. 1883ರಲ್ಲಿ ಜಪಾನಿನ ತನಾಬೆ ಎಂಬ ಕರಾವಳಿ ಊರಿನಲ್ಲಿ ಹುಟ್ಟಿದರು, 1969ರಲ್ಲಿ ತೀರಿಕೊಂಡರು. ಐದಡಿಗಿಂತ ಸ್ವಲ್ಪವೇ ಎತ್ತರದ ಆಳು. ರಷ್ಯಾ-ಜಪಾನ್ ಯುದ್ಧದಲ್ಲಿ ಸೈನಿಕರಾಗಿದ್ದರು. ಆಮೇಲೆ ಹೊಕ್ಕೈಡೊದಲ್ಲಿ ಕಾಡು ಕಡಿದು ಹೊಲ ಮಾಡಲು ಹೋದರು. ಅಲ್ಲೇ 1915ರಲ್ಲಿ ತಕೆದಾ ಸೊಕಾಕು ಎಂಬ ಗುರು ಸಿಕ್ಕರು. ದೈತೊ ರ್ಯೂ ಎಂಬ ಜುಜುತ್ಸು (ಬರಿಗೈ ಕಾಳಗ) ಪದ್ಧತಿ ಕಲಿಸುತ್ತಿದ್ದ ತಕೆದಾ ಬಲು ಕಠಿಣ ಮನುಷ್ಯ. ಐಕಿಡೊದ ಮಣಿಕಟ್ಟಿನ ತಿರುವುಗಳು, ಕೀಲುಬಂಧಗಳು ಹೆಚ್ಚಾಗಿ ಅಲ್ಲಿಂದ ಬಂದವು.

ಅದೇ ಕೀಲುಬಂಧಗಳು ಬೇರೆ ದಾರಿ ಹಿಡಿದದ್ದು ಹೇಗೆ? ಉಯೆಶಿಬಾ ಮುಂದೆ ಓಮೊತೊ ಎಂಬ ಧಾರ್ಮಿಕ ಪಂಥದ ದೆಗುಚಿ ಒನಿಸಬುರೊ ಅವರ ಹತ್ತಿರ ಹೋಗಿ, ಅಯಾಬೆ ಎಂಬ ಊರಿನಲ್ಲಿ ನೆಲೆಸಿದರು. 1925ರಲ್ಲಿ ನಡೆದದ್ದು ಅಂತ ಒಂದು ಕತೆ ಹೇಳುತ್ತಾರೆ. ನೌಕಾಪಡೆಯ ಅಧಿಕಾರಿಯೊಬ್ಬ ಮರದ ಕತ್ತಿ ಹಿಡಿದು ಅವರ ಮೇಲೆ ಬಿದ್ದ. ಇವರು ಬರಿಗೈಯಲ್ಲಿ ತಪ್ಪಿಸಿಕೊಳ್ಳುತ್ತಲೇ ಹೋದರು. ಒಂದು ಪೆಟ್ಟನ್ನೂ ಕೊಡಲಿಲ್ಲ. ಕೊನೆಗೆ ಆತ ಸುಸ್ತಾಗಿ ಕುಳಿತುಬಿಟ್ಟ. ಆಮೇಲೆ ತೋಟದಲ್ಲಿ ಬಂಗಾರದ ಬೆಳಕು ತಮ್ಮನ್ನು ಆವರಿಸಿದ ಅನುಭವವಾಯಿತೆಂದು ಉಯೆಶಿಬಾ ಹೇಳಿಕೊಂಡಿದ್ದಾರೆ. ಬೆಳಕಿನ ವಿಷಯ ಅವರಿಗೆ ಬಿಡೋಣ. ಕಲಿಯುವವರಿಗೆ ಬೇಕಾದದ್ದು ಕತೆಯ ಮೊದಲರ್ಧ: ಕತ್ತಿ ಬೀಸಿದಾಗ ಆ ಜಾಗದಲ್ಲಿ ಇರಬಾರದು.

‘ಐಕಿಡೊ’ ಎಂಬ ಹೆಸರು ಗಟ್ಟಿಯಾದದ್ದು 1942ರಲ್ಲಿ, ಯುದ್ಧದ ನಟ್ಟನಡುವೆ. ಅದೇ ಹೊತ್ತಿಗೆ ಅವರು ಟೋಕಿಯೊ ಬಿಟ್ಟು ಇವಾಮಾ ಎಂಬ ಹಳ್ಳಿಗೆ ಹೋದರು. ಬೇಸಾಯ ಮಾಡಿಕೊಂಡು, ಪುಟ್ಟ ಗುಡಿ ಕಟ್ಟಿ, ಅಭ್ಯಾಸ ಮುಂದುವರಿಸಿದರು. ಟೋಕಿಯೊದ ಮುಖ್ಯ ಕೇಂದ್ರವನ್ನು, ಅಂದರೆ ಹೊಂಬು ದೋಜೊವನ್ನು, ಮಗ ಕಿಶ್ಶೋಮಾರು ನೋಡಿಕೊಂಡರು. ಯುದ್ಧಾನಂತರ ಜಗತ್ತಿಗೆ ಪರಿಚಯವಾದ ಐಕಿಡೊ ಹೆಚ್ಚುಕಡಿಮೆ ಕಿಶ್ಶೋಮಾರು ಒಪ್ಪವಾಗಿ ಜೋಡಿಸಿಕೊಟ್ಟದ್ದು. ಈ ಮಾತನ್ನು ಕೆಲವರು ಒಪ್ಪುವುದಿಲ್ಲ. ಆದರೂ ಯಾವುದೇ ನಗರದ ದೋಜೊಗೆ, ಅಂದರೆ ಅಭ್ಯಾಸದ ಜಾಗಕ್ಕೆ, ಹೋಗಿ ನೋಡಿದರೆ ಹೆಚ್ಚಾಗಿ ಕಾಣುವುದು ಅದೇ.

ಹೆಜ್ಜೆ ಒಂದು: ದೋಜೊ ಆರಿಸಿ

ಬೆಂಗಳೂರಿನಂಥ ಊರಿನಲ್ಲಿ ಐಕಿಡೊ ಕಲಿಸುವ ಕಡೆಗಳು ಸಿಗುತ್ತವೆ. ಚಿಕ್ಕ ಊರಿನಲ್ಲಿ ಕಷ್ಟ. ಸಿಕ್ಕಿದ ಕೂಡಲೇ ಹಣ ಕಟ್ಟಬೇಡಿ. ಒಂದು ಪೂರ್ತಿ ತರಗತಿ ಪಕ್ಕದಲ್ಲಿ ಕೂತು ನೋಡಲು ಅನುಮತಿ ಕೇಳಿ. ಒಳ್ಳೆಯ ದೋಜೊ ಯಾವತ್ತೂ ಬೇಡ ಅನ್ನುವುದಿಲ್ಲ.

ನೋಡುವಾಗ ಗುರುಗಳ ಮೇಲೆ ಕಣ್ಣಿಡಬೇಡಿ. ಅವರು ಚೆನ್ನಾಗಿಯೇ ಮಾಡುತ್ತಾರೆ. ಆರು ತಿಂಗಳ ಹಿಂದೆ ಸೇರಿದ ವಿದ್ಯಾರ್ಥಿಗಳನ್ನು ನೋಡಿ. ಅವರು ಸದ್ದಿಲ್ಲದೆ ಬೀಳುತ್ತಾರಾ, ದಬಾರಂತ ಬೀಳುತ್ತಾರಾ? ಹಿರಿಯರು ಹೊಸಬರ ಜೊತೆ ಅಭ್ಯಾಸ ಮಾಡುತ್ತಾರಾ, ತಮ್ಮತಮ್ಮಲ್ಲೇ ಜೋಡಿ ಕಟ್ಟಿಕೊಳ್ಳುತ್ತಾರಾ? ಯಾರಿಗಾದರೂ ನೋವಾಗಿ ಚಾಪೆ ತಟ್ಟಿದರೆ ಎದುರಿನವರು ತಕ್ಷಣ ಬಿಡುತ್ತಾರಾ? ಈ ಮೂರು ಪ್ರಶ್ನೆಗೆ ಉತ್ತರ ಸಿಕ್ಕರೆ ಆ ದೋಜೊ ಹೇಗಿದೆ ಎಂದು ಗೊತ್ತಾಗುತ್ತದೆ.

ಇನ್ನೊಂದು ಮಾತು. ಗುರುಗಳು ಮುಟ್ಟದೆಯೇ ಶಿಷ್ಯರು ಹಾರಿ ಬೀಳುತ್ತಿದ್ದರೆ, ಅದನ್ನು ಶಕ್ತಿಪಾತದ ಹಾಗೆ ವಿವರಿಸುತ್ತಿದ್ದರೆ, ಚಪ್ಪಲಿ ಹಾಕಿಕೊಂಡು ಹೊರಗೆ ಬನ್ನಿ.

ಶೈಲಿಗಳ ಬಗ್ಗೆ ಜಾಸ್ತಿ ತಲೆಕೆಡಿಸಿಕೊಳ್ಳುವುದು ಬೇಡ. ಅತಿ ದೊಡ್ಡದು ಐಕಿಕಾಯ್, ಹೊಂಬು ದೋಜೊ ಕೇಂದ್ರವಾಗಿರುವ ಸಂಸ್ಥೆ. ಶಿಯೋದಾ ಗೊಜೊ 1955ರಲ್ಲಿ ಕಟ್ಟಿದ ಯೋಶಿನ್‌ಕಾನ್ ಸ್ವಲ್ಪ ಗಡಸು. ಟೋಕಿಯೊದ ದಂಗೆ ನಿಗ್ರಹ ಪೊಲೀಸರಲ್ಲಿ ಕೆಲವರು ಅಲ್ಲಿ ತರಬೇತಿ ಪಡೆದಿದ್ದಾರೆ. ತೊಹೆಯ್ ಕೊಯಿಚಿ 1974ರಲ್ಲಿ ಐಕಿಕಾಯ್ ಬಿಟ್ಟು ಹೊರಬಂದವರು. ಅವರ ಕಡೆಯಲ್ಲಿ ಉಸಿರು, ಸಡಿಲತೆ, ಮನಸ್ಸಿನ ಕೇಂದ್ರೀಕರಣಕ್ಕೆ ಒತ್ತು. ಇವಾಮಾದ ಸೈತೊ ಮೊರಿಹಿರೊ ಅವರ ಪರಂಪರೆಯಲ್ಲಿ ಮರದ ಕತ್ತಿ, ಕೋಲು ಜಾಸ್ತಿ. ನಿಮ್ಮ ಮನೆಯಿಂದ ಅರ್ಧ ಗಂಟೆಯಲ್ಲಿ ತಲುಪುವ ಜಾಗದಲ್ಲಿ ಸರಿಯಾದ ಗುರು ಯಾವ ಶೈಲಿಯವರಿದ್ದರೂ ಅದೇ ನಿಮ್ಮ ಶೈಲಿ.

ಹೆಜ್ಜೆ ಎರಡು: ಮೊದಲ ದಿನದ ರೀತಿ-ನೀತಿ

ಟ್ರ್ಯಾಕ್ ಪ್ಯಾಂಟ್, ಉದ್ದ ತೋಳಿನ ಟೀ ಶರ್ಟ್ ಸಾಕು. ಬಿಳಿ ಅಭ್ಯಾಸದ ಬಟ್ಟೆ ಆಮೇಲೆ ಕೊಂಡರಾಯಿತು. ಉಗುರು ಕತ್ತರಿಸಿ. ಬಳೆ, ಉಂಗುರ, ಸರ, ವಾಚು ಎಲ್ಲ ತೆಗೆದಿಡಿ. ಕಾಲು ತೊಳೆದುಕೊಂಡು ಬನ್ನಿ, ಯಾಕೆಂದರೆ ಆ ಚಾಪೆಗೆ ಇನ್ನೊಬ್ಬರ ಮುಖ ತಾಗುತ್ತದೆ.

ಚಾಪೆ ಹತ್ತುವಾಗ ಬಾಗಿ ನಮಸ್ಕಾರ. ತರಗತಿ ಶುರುವಾಗುವಾಗ ಎಲ್ಲರೂ ಮಂಡಿಯೂರಿ ಸಾಲಾಗಿ ಕೂತು, ಮುಂದಿನ ಗೋಡೆಯ ಕಡೆ ಬಾಗುತ್ತಾರೆ. ಅಲ್ಲಿ ಸಾಮಾನ್ಯವಾಗಿ ಉಯೆಶಿಬಾ ಅವರ ಫೋಟೊ ಇರುತ್ತದೆ. ಇದು ಪೂಜೆಯೇ ಎಂದು ಕೆಲವರಿಗೆ ಮುಜುಗರವಾಗಬಹುದು. ಪೂಜೆಯಲ್ಲ, ಗೌರವ ಅಷ್ಟೆ. ಆಮೇಲೆ ಜೊತೆಗಾರರಿಗೆ ಬಾಗಿ ‘ಒನೆಗಾಯ್‌ಶಿಮಾಸ್’ ಅನ್ನಬೇಕು. ದಯವಿಟ್ಟು ನನ್ನ ಜೊತೆ ಅಭ್ಯಾಸ ಮಾಡಿ ಅಂತ ಕೇಳಿಕೊಳ್ಳುವ ಮಾತು. ಮುಗಿದ ಮೇಲೆ ‘ದೋಮೊ ಅರಿಗಾತೊ ಗೊಜಾಯ್‌ಮಶಿತ’. ಮೊದಲ ವಾರ ನಾಲಿಗೆ ಹೊರಳುವುದಿಲ್ಲ, ಪರವಾಗಿಲ್ಲ. ಆದರೆ ಸುಮ್ನೆ ಶಿಷ್ಟಾಚಾರ ಅಂತ ತಳ್ಳಿಹಾಕಬೇಡಿ. ಇನ್ನು ಹತ್ತು ನಿಮಿಷಕ್ಕೆ ನಿಮ್ಮ ಮಣಿಕಟ್ಟನ್ನು ಅವರ ಕೈಗೆ ಕೊಡುತ್ತೀರಿ. ಅವರು ತಮ್ಮದನ್ನು ನಿಮಗೆ ಕೊಡುತ್ತಾರೆ.

ಮಂಡಿ ನೋವಿದ್ದರೆ ಮೊದಲೇ ಹೇಳಿ. ಚಕ್ಕಳಮಕ್ಕಳ ಹಾಕಿ ಕೂರಲು ಬಿಡುತ್ತಾರೆ.

ಹೆಜ್ಜೆ ಮೂರು: ಬೀಳುವುದು

ಬೀಳುವ ವಿದ್ಯೆಗೆ ಉಕೆಮಿ ಎಂದು ಹೆಸರು. ನಿಮ್ಮ ಮೊದಲ ಮೂರು ತಿಂಗಳಲ್ಲಿ ಅರ್ಧ ಸಮಯ ಇದಕ್ಕೇ ಮೀಸಲಿಡಿ.

ಹಿಂದಕ್ಕೆ ಬೀಳುವುದರಿಂದ ಶುರುಮಾಡಿ. ಚಾಪೆಯ ಮೇಲೆ ಕೂತು ಒಂದು ಕಾಲನ್ನು ಮಡಚಿ ಕೆಳಗೆ ಸೇರಿಸಿ. ಗಲ್ಲವನ್ನು ಎದೆಗೆ ತನ್ನಿ, ಕಣ್ಣು ನಿಮ್ಮ ಬೆಲ್ಟಿನ ಗಂಟಿನ ಮೇಲಿರಲಿ. ಬೆನ್ನು ಗುಂಡಗೆ ಮಾಡಿ. ಈಗ ಉಸಿರು ಬಿಡುತ್ತಾ ಹಿಂದಕ್ಕೆ ಉರುಳಿ, ಅದೇ ಓಟದಲ್ಲಿ ಮುಂದಕ್ಕೆ ವಾಪಸ್ ಬನ್ನಿ. ತಲೆ ಚಾಪೆಗೆ ತಾಗಲೇಬಾರದು. ಉಸಿರು ಹಿಡಿದುಕೊಂಡರೆ ಬೆನ್ನು ಹಲಗೆಯಂತಾಗಿ ದಬ್ ಎನ್ನುತ್ತದೆ. ಆ ಸದ್ದೇ ನಿಮಗೆ ಮೇಷ್ಟ್ರು. ಸದ್ದು ಕಡಿಮೆಯಾದ ಮೇಲೆ ಕುಕ್ಕರಗಾಲಿನಿಂದ, ಅದೂ ಸರಿಹೋದ ಮೇಲೆ ನಿಂತಲ್ಲಿಂದ ಮಾಡಿ. ಬೀಳುವ ಮೊದಲು ಎಷ್ಟು ಕೆಳಗೆ ಹೋಗಬಹುದೋ ಅಷ್ಟು ಹೋಗಬೇಕು. ಆಗ ಬೀಳಲು ಉಳಿಯುವ ಎತ್ತರ ಗೇಣುದ್ದ ಮಾತ್ರ. ಕೈಯನ್ನು ಹಿಂದಕ್ಕೆ ಊರಬೇಡಿ, ಮಣಿಕಟ್ಟು ಮುರಿಯುವುದು ಹಾಗೆಯೇ.

ಮುಂದಕ್ಕೆ ಉರುಳುವುದು ನೋಡಲು ಲಾಗದ ಹಾಗಿದ್ದರೂ ಲಾಗವಲ್ಲ. ಬಲಗಾಲು ಮುಂದಿಟ್ಟು, ಬಲಗೈಯ ಕಿರುಬೆರಳಿನ ಅಂಚನ್ನು ಚಾಪೆಗೆ ತಾಗಿಸಿ, ಬೆರಳುಗಳು ನಿಮ್ಮ ಕಡೆಗೇ ತಿರುಗಿರಲಿ. ತೋಳು ಬಿಲ್ಲಿನಂತೆ ಬಾಗಿರಲಿ, ಮೊಣಕೈ ಕುಸಿಯಬಾರದು. ಕಿರುಬೆರಳ ಅಂಚು, ಮುಂಗೈ, ಮೊಣಕೈ, ಬಲಭುಜ, ಅಲ್ಲಿಂದ ಬೆನ್ನಿನ ಮೇಲೆ ಓರೆಯಾಗಿ ಎಡ ಸೊಂಟ: ಚಾಪೆ ಈ ಕ್ರಮದಲ್ಲಿ ನಿಮ್ಮನ್ನು ಮುಟ್ಟಬೇಕು. ನೇರವಾಗಿ ಬೆನ್ನುಹುರಿಯ ಮೇಲೆ ಉರುಳಿದರೆ ಸೊಂಟ ನೋಯುತ್ತದೆ. ಎಡ-ಬಲ ಎರಡೂ ಕಡೆ ಮಾಡಿ. ಒಂದು ಕಡೆ ಸಲೀಸು, ಇನ್ನೊಂದು ಕಡೆ ಭಯ ಇರುತ್ತದೆ. ಭಯವಿರುವ ಕಡೆ ದುಪ್ಪಟ್ಟು ಮಾಡಿ. ಮೊದಲು ಮಂಡಿಯೂರಿ ಕೂತಲ್ಲಿಂದ ಮಾಡಿ, ನಿಂತು ಮಾಡುವ ಆತುರ ಬೇಡ.

‘ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ’ ಅನ್ನುತ್ತೇವಲ್ಲ, ಐಕಿಡೊದಲ್ಲಿ ಆ ಮೀಸೆಗೆ ಬೆಲೆಯೇ ಇಲ್ಲ. ಒಂದು ತರಗತಿಯಲ್ಲಿ ಎಸೆಯುವಷ್ಟೇ ಸಲ ಬೀಳುತ್ತೀರಿ. ಹಿರಿಯ ವಿದ್ಯಾರ್ಥಿಯೂ ಬೀಳುತ್ತಾನೆ. ಅರವತ್ತು ದಾಟಿದವರು ಇಪ್ಪತ್ತರ ಹುಡುಗಿ ತಿರುಗಿಸಿದ ಕೈಗೆ ಬಿದ್ದು, ಎದ್ದು, ಮತ್ತೆ ಕೈ ಕೊಡುವುದನ್ನು ನೋಡುತ್ತೀರಿ. ಬಿದ್ದರೆ ಸೋತೆ ಅನ್ನುವ ಲೆಕ್ಕ ತಲೆಯಿಂದ ಹೋಗುವುದು ಹೀಗೆ ಬಿದ್ದು ಬಿದ್ದೇ. ಬೀಳಲು ಹೆದರುವವರು ಎಸೆಯುವಾಗ ಒರಟಾಗುತ್ತಾರೆ. ಇದನ್ನು ಯಾವ ದೋಜೊದಲ್ಲಾದರೂ ನೋಡಬಹುದು.

ಹೆಜ್ಜೆ ನಾಲ್ಕು: ನಿಲುವು, ಅಂತರ, ತಿರುಗುವಿಕೆ

ನಿಲ್ಲುವುದು ಅರ್ಧ ಓರೆಯಾಗಿ. ಒಂದು ಕಾಲು ಮುಂದೆ, ಒಂದು ಹಿಂದೆ. ಇದಕ್ಕೆ ಹನ್ಮಿ ಅನ್ನುತ್ತಾರೆ. ಇಬ್ಬರ ಒಂದೇ ಕಡೆಯ ಕಾಲು ಮುಂದಿದ್ದರೆ ಐ ಹನ್ಮಿ. ನಿಮ್ಮ ಬಲಗಾಲು, ಅವರ ಎಡಗಾಲು ಮುಂದಿದ್ದರೆ ಗ್ಯಾಕು ಹನ್ಮಿ. ಈ ಎರಡು ಪದ ಬಾಯಿಗೆ ಬಂದರೆ ಅರ್ಧ ಪಾಠ ಅರ್ಥವಾಗುತ್ತದೆ.

ಅಂತರಕ್ಕೆ ಮಾ-ಆಯ್. ಎದುರಿನವರು ಒಂದು ಹೆಜ್ಜೆ ಇಡದೆ ನಿಮ್ಮನ್ನು ಮುಟ್ಟಲಾಗದಷ್ಟು ದೂರ ಬೇಕು. ಆ ಒಂದು ಹೆಜ್ಜೆಯೇ ನಿಮಗೆ ಸಿಗುವ ಸಮಯ.

ಈಗ ತಾಯ್ ನೊ ಹೆಂಕೊ. ಬಹಳ ದೋಜೊಗಳಲ್ಲಿ ದಿನವೂ ಮೊದಲು ಮಾಡಿಸುವ ಅಭ್ಯಾಸ ಇದು. ನೀವು ಬಲಗಾಲು ಮುಂದಿಟ್ಟು ನಿಂತಿದ್ದೀರಿ. ಜೊತೆಗಾರರು ಎಡಗೈಯಿಂದ ನಿಮ್ಮ ಬಲ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಿದ್ದಾರೆ. ಎಲ್ಲರೂ ಮೊದಲು ಮಾಡುವುದು ಏನು? ಕೈ ಎಳೆದುಕೊಳ್ಳುತ್ತಾರೆ. ಅವರು ಇನ್ನೂ ಬಿಗಿ ಹಿಡಿಯುತ್ತಾರೆ. ನೀವು ಇನ್ನೂ ಎಳೆಯುತ್ತೀರಿ. ಭುಜ ಕಿವಿಯವರೆಗೆ ಏರುತ್ತದೆ.

ಹಾಗೆ ಮಾಡದೆ ಕೈಯನ್ನು ಇದ್ದಲ್ಲೇ ಬಿಡಿ. ಅದು ಅವರ ಹತ್ತಿರ ಇರಲಿ. ಬೆರಳು ಅಗಲಿಸಿ, ಭುಜ ಇಳಿಸಿ. ನಿಮ್ಮ ಮುಂಗಾಲನ್ನು ಅವರ ಮುಂಗಾಲಿನ ಹೊರಬದಿಗೆ ತುಸು ಜರುಗಿಸಿ, ಅದರ ಮೇಲೆಯೇ ತಿರುಗಿ, ಹಿಂಗಾಲನ್ನು ಸುತ್ತಿಸಿ ಹಿಂದಕ್ಕೆ ತನ್ನಿ. ಕೈ ದೇಹದ ಕಡೆ ಬರುವುದಿಲ್ಲ, ದೇಹವೇ ಕೈ ಇದ್ದಲ್ಲಿಗೆ ಹೋಗುತ್ತದೆ. ಮುಗಿದಾಗ ನೀವಿಬ್ಬರೂ ಅಕ್ಕಪಕ್ಕ, ಒಂದೇ ದಿಕ್ಕಿಗೆ ಮುಖ ಮಾಡಿ ನಿಂತಿರುತ್ತೀರಿ. ಹಿಡಿತ ಹಾಗೆಯೇ ಇದೆ, ಆದರೆ ಅವರ ಬಲ ಹೋಗುತ್ತಿದ್ದ ಜಾಗದಲ್ಲಿ ನೀವಿಲ್ಲ. ನಿಮ್ಮ ಕೈ ಹೊಕ್ಕುಳಿನ ಎದುರಿಗೇ ಇರಬೇಕು. ಪಕ್ಕಕ್ಕೆ ಹೋಗಿದ್ದರೆ ತಿರುಗಿದ್ದು ಸಾಲದು.

ಇದರಲ್ಲಿ ತಿರುಗುವುದು ತೆಂಕಾನ್. ತಿರುಗದೆ ಓರೆಯಾಗಿ ನೇರ ಒಳಗೆ, ಎದುರಾಳಿಯ ಬೆನ್ನ ಹಿಂದಿನ ಮೂಲೆಗೆ, ನುಗ್ಗುವುದು ಇರಿಮಿ. ಐಕಿಡೊ ಎಂದರೆ ಮೆತ್ತಗೆ ಸರಿದು ಹೋಗುವುದು ಎಂದುಕೊಂಡವರಿಗೆ ಇರಿಮಿ ನುಂಗಲಾರದ ತುತ್ತು. ಹೊಡೆಯಲು ಬಂದವನ ಕಡೆಗೇ ಹೋಗಬೇಕು! ಆದರೆ ಹಿಂದಕ್ಕೆ ಹೋದರೆ ಎರಡನೇ ಪೆಟ್ಟು ಬರುತ್ತದೆ, ಮೂರನೆಯದೂ ಬರುತ್ತದೆ. ಒಳಗೆ ಹೋದರೆ ಮೊದಲನೆಯದೇ ಕೊನೆ. ಉಯೆಶಿಬಾ ಅವರ ವಿದ್ಯೆಯ ಗಟ್ಟಿತನ ಇರುವುದು ಇಲ್ಲಿ ಎಂದು ನನ್ನ ಅನಿಸಿಕೆ.

ನಡೆಯುವಾಗ ಸೊಂಟ ಮೇಲೆ ಕೆಳಗೆ ಕುಣಿಯಬಾರದು. ತುಂಬಿದ ಬಿಂದಿಗೆ ಹೊತ್ತು ಬಾವಿಯಿಂದ ಮನೆಗೆ ಬರುವವರ ನಡಿಗೆ ನೆನಪಿಸಿಕೊಳ್ಳಿ, ಅಷ್ಟು ಸಾಕು.

ಹೆಜ್ಜೆ ಐದು: ಉಕೆ ಆಗುವುದನ್ನು ಕಲಿಯಿರಿ

ಜೋಡಿಯಲ್ಲಿ ಎಸೆಯುವವರು ನಾಗೆ, ಬೀಳುವವರು ಉಕೆ. ಸಾಮಾನ್ಯ ರೂಢಿಯಲ್ಲಿ ಒಬ್ಬರು ನಾಲ್ಕು ಸಲ ಮಾಡುತ್ತಾರೆ, ಎಡ ಬಲ, ಎಡ ಬಲ. ಆಮೇಲೆ ಪಾತ್ರ ಬದಲು. ಹೊಸಬರು ಉಕೆ ಸರದಿಯನ್ನು ತಮ್ಮ ಸರದಿಗಾಗಿ ಕಾಯುವ ಸಮಯ ಎಂದುಕೊಳ್ಳುತ್ತಾರೆ. ಕಲಿಕೆ ನಿಂತುಹೋಗುವುದು ಅಲ್ಲೇ.

ಉಕೆಗೆ ಮೊದಲ ಕೆಲಸ ಪ್ರಾಮಾಣಿಕವಾಗಿ ದಾಳಿ ಮಾಡುವುದು. ತಲೆಗೆ ಹೊಡೆತ ಎಂದರೆ ಅದು ತಲೆಯ ಕಡೆಗೇ ಬರಬೇಕು. ನಾಗೆ ಸರಿಯದಿದ್ದರೆ ತಾಗುವ ಹಾಗಿರಬೇಕು. ವೇಗ ಕಡಿಮೆ ಇರಲಿ, ಗುರಿ ಸುಳ್ಳಾಗಬಾರದು. ಪಕ್ಕಕ್ಕೆ ಗಾಳಿಯಲ್ಲಿ ಕೈ ಬೀಸಿದರೆ ಎದುರಿನವರು ಏನನ್ನೂ ಕಲಿಯುವುದಿಲ್ಲ. ಎರಡನೆಯದು, ಸಮತೋಲ ತಪ್ಪಿದರೆ ಮಾತ್ರ ಬೀಳುವುದು. ತಪ್ಪದಿದ್ದರೆ ಸುಮ್ಮನೆ ನಿಂತಿರಿ, ಸಿಟ್ಟಿನಿಂದ ತಡೆಯಲೂ ಹೋಗಬೇಡಿ. ಅವರು ಮುಂದೆ ಏನು ಮಾಡುತ್ತಾರೆಂದು ಮೊದಲೇ ಗೊತ್ತಿರುವವರು ತಡೆಯುವುದು ದೊಡ್ಡ ವಿಷಯವೇನಲ್ಲ, ಅಲ್ವಾ?

ಐಕಿಡೊ ಬರೀ ಡ್ಯಾನ್ಸ್ ಅಂತ ಟೀಕಿಸುವವರಿದ್ದಾರೆ. ಬಹಳ ಕಡೆ ಆ ಟೀಕೆ ನಿಜ. ತಪ್ಪು ತಂತ್ರಗಳದ್ದಲ್ಲ, ಒಳ್ಳೆಯತನಕ್ಕೆ ಬಿದ್ದುಕೊಡುವ ಉಕೆಗಳದ್ದು. ಸಹಕಾರ ಬೇಕು, ಆದರೆ ಅದು ಸುಳ್ಳಿನ ಸಹಕಾರವಾಗಬಾರದು. ತೊಮಿಕಿ ಕೆಂಜಿ ಎಂಬ ಹಿರಿಯ ಶಿಷ್ಯರು ಇದಕ್ಕೆ ಬೇರೆ ಔಷಧಿ ಹುಡುಕಿದರು. ಜೂಡೊದಿಂದ ಬಂದ ಅವರು ವಾಸೆದಾ ವಿಶ್ವವಿದ್ಯಾಲಯದಲ್ಲಿ ಐಕಿಡೊ ಕಲಿಸುತ್ತಾ, ಮೆತ್ತನೆ ಚಾಕು ಬಳಸುವ ಸ್ಪರ್ಧೆಗಳನ್ನು ತಂದರು. ಉಯೆಶಿಬಾ ಸ್ಪರ್ಧೆಯನ್ನು ಒಪ್ಪುತ್ತಿರಲಿಲ್ಲ. ಉಳಿದ ಹೆಚ್ಚಿನ ಶಾಖೆಗಳಲ್ಲಿ ಇಂದಿಗೂ ಪಂದ್ಯವಿಲ್ಲ, ಪದಕವಿಲ್ಲ. ಪಂದ್ಯ ಇಲ್ಲದ ಕಡೆ ಸುಳ್ಳನ್ನು ತಡೆಯುವವರು ಯಾರು? ಉಕೆ ಒಬ್ಬರೇ. ಅದಕ್ಕೇ ಆ ಪಾತ್ರಕ್ಕೆ ಅಷ್ಟು ತೂಕ.

ನೋವಾದರೆ ಚಾಪೆಯನ್ನೋ ನಿಮ್ಮ ತೊಡೆಯನ್ನೋ ಎರಡು ಸಲ ತಟ್ಟಿ. ಧೈರ್ಯ ತೋರಿಸಲು ತಟ್ಟದೆ ತಡೆದುಕೊಳ್ಳಬೇಡಿ. ನಿಕ್ಯೊ ಎಂಬ ಮಣಿಕಟ್ಟಿನ ಬಂಧದಲ್ಲಿ ‘ಇನ್ನೂ ಪರವಾಗಿಲ್ಲ’ ಮತ್ತು ‘ಅಯ್ಯೋ’ ನಡುವೆ ಜಾಗವೇ ಇಲ್ಲ.

ಹೆಜ್ಜೆ ಆರು: ಒಂದು ತಂತ್ರವನ್ನು ಪೂರ್ತಿ ಕಲಿಯಿರಿ

ತಂತ್ರಗಳ ಪಟ್ಟಿ ಉದ್ದ ಇದೆ. ಇಕ್ಯೊ, ನಿಕ್ಯೊ, ಸಂಕ್ಯೊ, ಯೊಂಕ್ಯೊ ಎಂದು ಹಿಡಿತಗಳು. ಶಿಹೋನಾಗೆ, ಇರಿಮಿನಾಗೆ, ಕೊತೆಗಾಎಶಿ, ತೆಂಚಿನಾಗೆ ಎಂದು ಎಸೆತಗಳು. ಎಲ್ಲವನ್ನೂ ಒಟ್ಟಿಗೆ ತಲೆಗೆ ತುಂಬಿಕೊಳ್ಳಬೇಡಿ. ಇಕ್ಯೊ ಒಂದನ್ನು ಹಿಡಿದು ಕೂತರೆ ಉಳಿದವು ನಿಧಾನಕ್ಕೆ ಬರುತ್ತವೆ.

ಇಬ್ಬರೂ ಬಲಗಾಲು ಮುಂದಿಟ್ಟಿದ್ದೀರಿ. ಉಕೆ ಬಲಗೈಯಂಚಿನಿಂದ ನಿಮ್ಮ ನೆತ್ತಿಗೆ ಹೊಡೆಯುತ್ತಾರೆ. ಕೈ ಮೇಲಿಂದ ಇಳಿದು ಬರುವ ತನಕ ಕಾದರೆ ನೀವು ಅದರ ಕೆಳಗೆ ಸಿಕ್ಕಿಕೊಳ್ಳುತ್ತೀರಿ. ಅದು ಏಳುತ್ತಿರುವಾಗಲೇ ನಿಮ್ಮ ಕೈಗಳೂ ಏಳಬೇಕು. ಬಲಗೈ ಅವರ ಮಣಿಕಟ್ಟಿಗೆ, ಎಡಗೈ ಮೊಣಕೈಗೆ ತಾಗುತ್ತದೆ. ಆ ಮೊಣಕೈಯನ್ನು ಅವರ ಕಿವಿಯ ಕಡೆಗೆ ಕಳಿಸಿ, ಎಡಗಾಲನ್ನು ಒಳಗೆ ಇಡಿ. ಉಕೆಯ ಭುಜ ತಿರುಗಿ, ಹಿಮ್ಮಡಿ ಹಗುರಾಗುವುದು ಕಾಣುತ್ತದೆ. ಅಲ್ಲಿಂದ ಕತ್ತಿಯನ್ನು ಇಳಿಸುವ ಹಾಗೆ ಎರಡೂ ಕೈಯಿಂದ ಕೆಳಗೆ ತನ್ನಿ. ಕೊನೆಗೆ ಮಂಡಿಯೂರಿ, ಅವರ ತೋಳು ಮೈಯಿಂದ ಲಂಬಕ್ಕಿಂತ ತುಸು ಜಾಸ್ತಿ ಅಗಲವಾಗುವಂತೆ ಚಾಪೆಗೆ ಒತ್ತಿ ಹಿಡಿಯಿರಿ. ಎಲ್ಲೂ ಮೂಳೆ ಮುರಿಯುವ ಒತ್ತಡವಿಲ್ಲ. ಆದರೆ ಅವರು ಏಳಲಾರರು.

ಇದನ್ನು ಮಾಡುವಾಗ ನಿಮ್ಮ ತೋಳುಬಲ ಎಷ್ಟು ಖರ್ಚಾಗುತ್ತಿದೆ ಗಮನಿಸಿ. ಜಾಸ್ತಿ ಖರ್ಚಾಗುತ್ತಿದ್ದರೆ ಕಾಲು ತಡವಾಗಿದೆ ಎಂದರ್ಥ. ಸಮತೋಲ ಕೆಡಿಸದೆ ತಿರುಚಲು ಹೊರಟರೆ ಐಕಿಡೊ ಕುಸ್ತಿಯಾಗುತ್ತದೆ. ಅದೂ ಕೆಟ್ಟ ಕುಸ್ತಿ.

ಶಿಹೋನಾಗೆ ಮಾಡುವಾಗ ವಿಶೇಷ ಎಚ್ಚರ. ಉಕೆಯ ಕೈ ಅವರದೇ ಭುಜದ ಹಿಂದೆ ಮಡಚಿ ಸಿಕ್ಕಿಕೊಂಡಿರುತ್ತದೆ. ರಭಸದಿಂದ ಎಳೆದರೆ ತಲೆಯ ಹಿಂಭಾಗ ನೆಲಕ್ಕೆ ಬಡಿಯಬಹುದು. ಹೊಸ ಉಕೆಯ ಜೊತೆ ಇದನ್ನು ಯಾವಾಗಲೂ ನಿಧಾನಕ್ಕೆ, ಅವರ ಭುಜಕ್ಕೆ ಹತ್ತಿರವಾಗಿ, ನೇರ ಕೆಳಕ್ಕೆ ಮಾಡಿ.

ಹೆಜ್ಜೆ ಏಳು: ‘ಕಿ’ ಎಂಬುದನ್ನು ಪರೀಕ್ಷಿಸಿ ನೋಡಿ

‘ಕಿ’, ಅಂದರೆ ಮೈಯಲ್ಲಿ ಹರಿಯುತ್ತದೆ ಎನ್ನುವ ಪ್ರಾಣಶಕ್ತಿ, ಅದರ ಬಗ್ಗೆ ಗಂಟೆಗಟ್ಟಲೆ ಮಾತಾಡುವವರಿದ್ದಾರೆ. ನನ್ನ ಸಲಹೆ, ಮಾತು ಬಿಟ್ಟು ಒಂದು ಪರೀಕ್ಷೆ ಮಾಡಿ. ಮಡಚಲಾಗದ ತೋಳು ಎಂದು ಇದಕ್ಕೆ ಹೆಸರಿದೆ. ತೊಹೆಯ್ ಅವರ ಕಡೆಯವರು ಇದನ್ನು ಬಹಳ ಬಳಸುತ್ತಾರೆ.

ನಿಮ್ಮ ಮಣಿಕಟ್ಟನ್ನು ಗೆಳೆಯರ ಭುಜದ ಮೇಲಿಡಿ, ಅಂಗೈ ಮೇಲ್ಮುಖವಾಗಿರಲಿ. ಅವರು ಎರಡೂ ಕೈಯಿಂದ ನಿಮ್ಮ ಮೊಣಕೈಯನ್ನು ಕೆಳಗೆ ಒತ್ತಿ ಮಡಚಲು ನೋಡಲಿ. ಮೊದಲ ಸಲ ಮುಷ್ಟಿ ಬಿಗಿದು, ಹಲ್ಲು ಕಚ್ಚಿ ತಡೆಯಿರಿ. ಸ್ವಲ್ಪ ಹೊತ್ತಿಗೆ ತೋಳು ಮಡಚುತ್ತದೆ. ಎರಡನೇ ಸಲ ಬೆರಳು ಬಿಚ್ಚಿ, ಭುಜ ಇಳಿಸಿ, ಎದುರಿನ ಗೋಡೆಯ ಮೇಲಿನ ಏನನ್ನೋ ಮುಟ್ಟಲು ಹೋಗುತ್ತಿದ್ದೇನೆ ಅಂದುಕೊಳ್ಳಿ. ಅವರು ನಿಧಾನವಾಗಿ ಬಲ ಹೆಚ್ಚಿಸಲಿ. ತೋಳು ಬಾಗುವುದು ಕಷ್ಟವಾಗುತ್ತದೆ.

ಇದರಲ್ಲಿ ಮಾಯೆಯಿಲ್ಲ. ಇಡೀ ತೋಳನ್ನು ಬಿಗಿದಾಗ ಅದನ್ನು ಮಡಚುವ ಸ್ನಾಯುವೂ ಬಿಗಿಯುತ್ತದೆ. ಅಂದರೆ ನೀವೇ ಎದುರಿನವರಿಗೆ ಸಹಾಯ ಮಾಡುತ್ತಿದ್ದೀರಿ. ಸಡಿಲ ಬಿಟ್ಟು ಚಾಚಿದಾಗ ಚಾಚುವ ಸ್ನಾಯು ಮಾತ್ರ ಕೆಲಸ ಮಾಡುತ್ತದೆ. ‘ಕಿ ಹರಿಯಲಿ’ ಎಂದು ಗುರುಗಳು ಹೇಳಿದಾಗ ನಿಮ್ಮ ದೇಹ ಇಂಥದ್ದೇನನ್ನೋ ಮಾಡುತ್ತದೆ. ಆ ಮಾತು ಕೆಲಸ ಮಾಡುತ್ತದೆ, ಅಷ್ಟು ಸಾಕು ನನಗೆ. ಅದಕ್ಕಿಂತ ಮೇಲಿನದನ್ನು ನಂಬುವವರು ನಂಬಲಿ. ತೊಹೆಯ್ ಹೇಳಿದ ನಾಲ್ಕು ಸೂತ್ರಗಳು ಹೇಗೂ ಉಪಯುಕ್ತ: ಹೊಕ್ಕುಳ ಕೆಳಗಿನ ಒಂದು ಬಿಂದುವಿನಲ್ಲಿ ಗಮನ, ಪೂರ್ತಿ ಸಡಿಲ, ಭಾರ ಕೆಳಬದಿಯಲ್ಲಿ, ಕಿ ಹೊರಕ್ಕೆ.

ಇದನ್ನೇ ಇಬ್ಬರು ಕೂತು ಮಾಡುವುದು ಕೊಕ್ಯು ದೋಸಾ. ಹಲವು ದೋಜೊಗಳಲ್ಲಿ ತರಗತಿಯ ಕೊನೆಗೆ ಇದು ಇರುತ್ತದೆ. ಎದುರುಬದುರು ಮಂಡಿಯೂರಿ ಕೂರಿ. ಉಕೆ ನಿಮ್ಮ ಎರಡೂ ಮಣಿಕಟ್ಟು ಹಿಡಿಯುತ್ತಾರೆ. ಭುಜದಿಂದ ಎತ್ತಲು ಹೋದರೆ ಎತ್ತಲಾಗುವುದಿಲ್ಲ. ಮೊಣಕೈಯನ್ನು ಪಕ್ಕೆಗೆ ಹತ್ತಿರ ತಂದು, ಸೊಂಟದಿಂದಲೇ ಮುಂದೆ ಹೋದರೆ ಅವರ ಭುಜ ಮೇಲೇರಿ ಸಮತೋಲ ತಪ್ಪುತ್ತದೆ. ಕಾಲಿನ ಸಹಾಯ ಇಲ್ಲದ್ದರಿಂದ ತಪ್ಪು ಎಲ್ಲಿದೆ ಎಂದು ಬೇಗ ಗೊತ್ತಾಗುತ್ತದೆ.

ಕತ್ತಿ, ಕೋಲು, ಅತೆಮಿ

ಮರದ ಕತ್ತಿ ಬೊಕ್ಕೆನ್, ಕೋಲು ಜೊ. ಬರಿಗೈ ಚಲನೆಗಳ ಹಿಂದೆ ಕತ್ತಿಯ ಲೆಕ್ಕಾಚಾರವಿದೆ. ಮಣಿಕಟ್ಟು ಹಿಡಿಯುವ ದಾಳಿ ಇವತ್ತು ವಿಚಿತ್ರವಾಗಿ ಕಾಣುತ್ತದೆ, ಬೀದಿಯಲ್ಲಿ ಯಾರು ಹಾಗೆ ಹಿಡಿಯುತ್ತಾರೆ? ಎದುರಿನವನ ಸೊಂಟದಲ್ಲಿ ಕತ್ತಿ ಇದ್ದರೆ ಅವನು ಅದನ್ನು ಎಳೆಯದಂತೆ ಕೈ ಹಿಡಿಯುವುದು ಸಹಜ ಎಂದು ವಿವರಿಸುತ್ತಾರೆ. ಅತೆಮಿ ಎಂದರೆ ಹೊಡೆತ ಅಥವಾ ಹೊಡೆತದ ಸೂಚನೆ. ಎದುರಿನವರ ಗಮನ ಒಡೆಯಲು ಅದು ಬೇಕು. ನಿಮ್ಮ ದೋಜೊದಲ್ಲಿ ಅದನ್ನು ಕಲಿಸದಿದ್ದರೆ ಒಮ್ಮೆ ಕೇಳಿ ನೋಡಿ.

ಗೆಲ್ಲುವುದು ಎಂದರೆ ಏನು?

ಉಯೆಶಿಬಾ ಪದೇಪದೇ ಹೇಳುತ್ತಿದ್ದ ಒಂದು ಮಾತಿದೆ: ಮಸಕತ್ಸು ಅಗತ್ಸು. ನಿಜವಾದ ಗೆಲುವು ತನ್ನನ್ನು ತಾನು ಗೆಲ್ಲುವುದು ಎಂದು ಅದನ್ನು ಬಿಡಿಸುತ್ತಾರೆ. ಇಷ್ಟನ್ನೇ ಗೋಡೆಯ ಮೇಲೆ ಬರೆದಿಟ್ಟರೆ ಯಾರೂ ಬದಲಾಗುವುದಿಲ್ಲ. ಚಾಪೆಯ ಮೇಲೆ ಅದು ಹೇಗೆ ಕಾಣುತ್ತದೆ ಹೇಳುತ್ತೇನೆ. ನಿಮಗಿಂತ ದಪ್ಪ ಇರುವವರೊಬ್ಬರು ಕೈ ಹಿಡಿದಿದ್ದಾರೆ. ತಂತ್ರ ನಡೆಯುತ್ತಿಲ್ಲ. ಮುಖ ಬಿಸಿಯಾಗುತ್ತದೆ. ಪಕ್ಕದವರು ನೋಡುತ್ತಿದ್ದಾರೆ ಅನಿಸುತ್ತದೆ. ಆಗ ಎರಡು ದಾರಿ. ಇದ್ದಬದ್ದ ಬಲ ಹಾಕಿ ಎಳೆದು ಬೀಳಿಸುವುದು, ಇಲ್ಲವೇ ನಿಂತು, ಉಸಿರು ಬಿಟ್ಟು, ಕಾಲು ಎಲ್ಲಿದೆ ಎಂದು ನೋಡುವುದು. ಮೊದಲನೆಯದರಲ್ಲಿ ಅವರು ಬಿದ್ದರೂ ನಿಮಗೆ ಏನೂ ಸಿಗಲಿಲ್ಲ.

ಎದುರಾಳಿಗೆ ಹಾನಿ ಮಾಡಬಾರದು ಅನ್ನುವುದೂ ಹೀಗೆಯೇ. ಅದಕ್ಕೆ ಬೇಕಾದದ್ದು ದಯೆಯೊಂದೇ ಅಲ್ಲ, ಕೌಶಲ್ಯವೂ ಬೇಕು. ನಿಮಗೆ ಬೇರೆ ದಾರಿ ಗೊತ್ತಿದ್ದರೆ ತಾನೇ ಹಾನಿ ಮಾಡದೆ ಬಿಡುವುದು?

ಬೀದಿ ಜಗಳಕ್ಕೆ ಇದು ಉಪಯೋಗವಾಗುತ್ತದಾ ಎಂದು ಎಲ್ಲರೂ ಕೇಳುತ್ತಾರೆ. ಆರು ತಿಂಗಳಲ್ಲಿ ಆತ್ಮರಕ್ಷಣೆ ಬೇಕಿದ್ದರೆ ಬಾಕ್ಸಿಂಗೋ ಜೂಡೊವೋ ಕಲಿಯಿರಿ. ಐಕಿಡೊ ನಿಧಾನ. ಆದರೆ ಒದ್ದೆ ಮೆಟ್ಟಿಲಲ್ಲಿ ಜಾರಿದಾಗ, ಸ್ಕೂಟರಿನಿಂದ ಬಿದ್ದಾಗ ಉಕೆಮಿ ಉಪಯೋಗಕ್ಕೆ ಬರುವ ಸಾಧ್ಯತೆ, ಕೊತೆಗಾಎಶಿ ಉಪಯೋಗಕ್ಕೆ ಬರುವುದಕ್ಕಿಂತ ಎಷ್ಟೋ ಪಾಲು ಜಾಸ್ತಿ.

ದರ್ಜೆ, ಅಭ್ಯಾಸದ ಲೆಕ್ಕ, ಬೇರೆ ದೋಜೊ

ಕಪ್ಪು ಬೆಲ್ಟಿಗಿಂತ ಕೆಳಗಿನ ದರ್ಜೆಗಳಿಗೆ ಕ್ಯು ಎಂದು ಹೆಸರು. ಐಕಿಕಾಯ್ ಪದ್ಧತಿಯಲ್ಲಿ ಐದನೇ ಕ್ಯುನಿಂದ ಒಂದನೇ ಕ್ಯುಗೆ ಅಂಕಿ ಇಳಿಯುತ್ತಾ ಹೋಗಿ, ಆಮೇಲೆ ಶೋದಾನ್, ಅಂದರೆ ಮೊದಲ ಕಪ್ಪು ಬೆಲ್ಟ್. ಹೊಂಬು ದೋಜೊ ನಿಯಮದಂತೆ ಐದನೇ ಕ್ಯು ಪರೀಕ್ಷೆಗೆ ಕನಿಷ್ಠ 30 ದಿನಗಳ ಅಭ್ಯಾಸ ಬೇಕು. ಒಂದನೇ ಕ್ಯು ಆದ ಮೇಲೆ ಶೋದಾನ್‌ಗೆ 70 ದಿನ ಬೇಕು, ವಯಸ್ಸು 15 ಆಗಿರಬೇಕು. ದಿನ ಎಂದರೆ ಚಾಪೆ ಹತ್ತಿದ ದಿನ, ಕ್ಯಾಲೆಂಡರಿನ ದಿನವಲ್ಲ. ವಾರಕ್ಕೆ ಎರಡು ಸಲ ಹೋಗುವವರಿಗೆ ಕಪ್ಪು ಬೆಲ್ಟಿಗೆ ಮೂರು ನಾಲ್ಕು ವರ್ಷ ಆದರೂ ಬೇಕು, ಬಹಳ ದೋಜೊಗಳಲ್ಲಿ ಇನ್ನೂ ಜಾಸ್ತಿ. ವಾರಕ್ಕೊಮ್ಮೆ ಮಾತ್ರ ಹೋದರೆ ಕಲಿತದ್ದನ್ನು ಮರೆಯದೆ ಇಟ್ಟುಕೊಳ್ಳುವುದಕ್ಕೇ ಸರಿಹೋಗುತ್ತದೆ.

ಮನೆಯಲ್ಲಿ ಒಬ್ಬರೇ ಮಾಡಬಹುದಾದದ್ದು: ತಾಯ್ ನೊ ಹೆಂಕೊ ಕಾಲಿನ ಕೆಲಸ, ಬೊಕ್ಕೆನ್ ಇದ್ದರೆ ನೆತ್ತಿಯಿಂದ ಹೊಕ್ಕುಳ ಮಟ್ಟಕ್ಕೆ ನಿಧಾನವಾದ ಬೀಸು, ಹಿಂದಕ್ಕೆ ಕೂತು ಉರುಳುವುದು. ಟೈಲ್ಸ್ ನೆಲದ ಮೇಲೆ ಉರುಳಬೇಡಿ, ದಪ್ಪ ಜಮಖಾನ ಹಾಕಿಕೊಳ್ಳಿ. ಮಣಿಕಟ್ಟಿನ ಬಂಧಗಳನ್ನು ಮನೆಯವರ ಮೇಲೆ ಪ್ರಯೋಗಿಸಬೇಡಿ. ಅವರಿಗೆ ಬೀಳಲು ಬರುವುದಿಲ್ಲ.

ಒಂದೆರಡು ವರ್ಷದ ಮೇಲೆ ಬೇರೆ ಊರಿಗೆ ಹೋದಾಗ ಅಲ್ಲಿನ ದೋಜೊಗೆ ಹೋಗಿ ನೋಡಿ. ಮೊದಲೇ ತಿಳಿಸಿ, ಹತ್ತು ನಿಮಿಷ ಮುಂಚೆ ತಲುಪಿ. ಹಕಾಮಾ ಎಂಬ ಅಗಲ ನೆರಿಗೆಯ ಉಡುಪನ್ನು ಯಾರು ತೊಡಬೇಕು ಅನ್ನುವುದು ಕಡೆಯಿಂದ ಕಡೆಗೆ ಬೇರೆ, ಕೇಳಿಯೇ ಹಾಕಿಕೊಳ್ಳಿ. ಅಲ್ಲಿಯವರು ಇಕ್ಯೊವನ್ನು ನಿಮ್ಮ ಗುರುಗಳು ಹೇಳಿಕೊಟ್ಟದ್ದಕ್ಕಿಂತ ಬೇರೆ ರೀತಿ ತೋರಿಸುತ್ತಾರೆ. ಆ ಒಂದೂವರೆ ಗಂಟೆ ಅವರ ರೀತಿಯಲ್ಲೇ ಮಾಡಿ, ‘ನಮ್ಮಲ್ಲಿ ಹೀಗೆ’ ಅನ್ನುವ ಮಾತನ್ನು ಬಾಯಿಗೆ ತರಬೇಡಿ. ತರಗತಿ ಮುಗಿದ ಮೇಲೆ ಪೊರಕೆ ಎಲ್ಲಿದೆ ಎಂದು ಕೇಳಿ, ಚಾಪೆ ಗುಡಿಸಲು ಕೈ ಜೋಡಿಸಿ.